ಕಿಸೆಗೆ ಬಂದ ಚೂರು, ಮನೆಗೆ ಬಂದ ಆಪತ್ತು

ಬೇಲೂರಿನಲ್ಲಿ ನೆಂಟರ ಮನೆಗೆ ಹೋಗಿದ್ದೆ. ಚಾ ಕುಡಿಯುತ್ತಾ ಕುಳಿತಿದ್ದಾಗ ಗೋಡೆಯ ಮೊಳೆಯಲ್ಲಿ, ಕ್ಯಾಲೆಂಡರಿನ ಪಕ್ಕ, ಒಂದು ಸಣ್ಣ ಪ್ಲಾಸ್ಟಿಕ್ ಬಿಲ್ಲೆ ನೇತಾಡುತ್ತಿದ್ದುದು ಕಣ್ಣಿಗೆ ಬಿತ್ತು. ಇದೇನು ಅಂತ ಕೇಳಿದೆ. ‘‘ಹುಡುಗನ ಹಾಜರಿ ಕಾರ್ಡು’’ ಅಂದಳು ತಂಗಿ. ಮಗ ರಜೆಯಲ್ಲಿ ಊರಿಗೆ ಬಂದಿದ್ದ. ಒಳಗಿನಿಂದಲೇ ನಗುತ್ತಾ ಹೇಳಿದ, ‘‘ಹಾಜರಿ ಕಾರ್ಡಲ್ಲ ಮಾಮ, ರೇಡಿಯೇಷನ್ ಬ್ಯಾಡ್ಜ್.’’

ಹುಡುಗ ಪೈಪ್‌ಲೈನ್ ಸೈಟೊಂದರಲ್ಲಿ ಎಕ್ಸ್‌ರೇ ತಂಡದ ಹೆಲ್ಪರ್. ‘‘ಹಾಗಾದ್ರೆ ಇದು ಕೆಲಸದ ಹೊತ್ತಲ್ಲಿ ನಿನ್ನ ಎದೆ ಮೇಲೆ ಇರ್ಬೇಕಲ್ವಾ? ಇಲ್ಲಿ ಮೊಳೆಗೆ ಯಾಕೆ ಬಂತು?’’ ಅಂದೆ. ಅವನು ಸ್ವಲ್ಪ ತಡೆದು ಹೇಳಿದ, ‘‘ಹಾಕ್ಕೊಂಡು ಹೋದ್ರೆ ರೀಡಿಂಗ್ ಜಾಸ್ತಿ ಬರುತ್ತೆ ಮಾಮ. ಜಾಸ್ತಿ ಬಂದ್ರೆ ಕೂರಿಸ್ತಾರೆ. ಕೂರಿಸಿದ್ರೆ ಸಂಬಳ ಯಾರು ಕೊಡ್ತಾರೆ? ರೂಮಲ್ಲೇ ಇಟ್ಬಿಡು ಅಂತ ಸೀನಿಯರ್‌ಗಳೇ ಹೇಳಿದ್ದು. ರಜೆಗೆ ಬರುವಾಗ ಬ್ಯಾಗಲ್ಲಿ ಬಂದುಬಿಟ್ಟಿದೆ.’’

ತಂಗಿಗೆ ಇದೊಂದೂ ಅರ್ಥವಾಗಲಿಲ್ಲ. ‘‘ರೇಡಿಯೇಷನ್ ಅಂದ್ರೆ ಮೊಬೈಲ್ ಟವರಿಂದಾ?’’ ಅಂತ ಕೇಳಿದಳು.

ಆ ಪ್ರಶ್ನೆಯೇ ಈ ಬರಹಕ್ಕೆ ಕಾರಣ. ಘಟ್ಟದ ಕೆಳಗಾಗಲಿ, ಘಟ್ಟ ಹತ್ತಿ ಬಂದು ಬೇಲೂರು, ಹಳೇಬೀಡು, ಅರಸೀಕೆರೆಗಳಲ್ಲಿ ನೆಲೆಸಿದವರಾಗಲಿ, ನಮ್ಮ ಹುಡುಗರು ಐಟಿಐ ಅಥವಾ ಡಿಪ್ಲೊಮಾ ಮುಗಿಸಿ ‘ಎನ್‌ಡಿಟಿ’ ಕೋರ್ಸ್ ಮಾಡಿಕೊಂಡು ಸೈಟುಗಳಿಗೆ, ಗಲ್ಫಿಗೆ ಹೋಗುವುದು ಹೊಸತಲ್ಲ. ಮನೆಯಲ್ಲಿ ಕೇಳಿದರೆ ‘ವೆಲ್ಡಿಂಗ್ ಚೆಕ್ ಮಾಡುವ ಕೆಲಸ’ ಅನ್ನುತ್ತಾರೆ. ಆ ಕೆಲಸದಲ್ಲಿ ಏನು ಅಪಾಯ ಇದೆ, ತಪ್ಪಿ ಏನಾದರೂ ಆದರೆ ಯಾರಿಗೆ ಹೇಳಬೇಕು ಎಂಬುದು ಮನೆಯವರಿಗೂ ಗೊತ್ತಿರಬೇಕು. ಯಾಕೆಂದರೆ ಈ ಕೆಲಸದ ದೊಡ್ಡ ದುರಂತಗಳಲ್ಲಿ ಸತ್ತವರು ಸೈಟಿನಲ್ಲಿದ್ದವರು ಮಾತ್ರ ಅಲ್ಲ. ಮನೆಯಲ್ಲಿದ್ದ ಹೆಂಗಸರು, ಮಕ್ಕಳೂ ಸತ್ತಿದ್ದಾರೆ.

ಏನಿದು ಕೆಲಸ?

ಎರಡು ಕಬ್ಬಿಣದ ಪೈಪುಗಳನ್ನು ಬೆಸೆದ ಮೇಲೆ ಒಳಗೆ ಬಿರುಕು ಇದೆಯಾ, ಗಾಳಿಗುಳ್ಳೆ ಸೇರಿದೆಯಾ ಅಂತ ಹೊರಗಿನಿಂದ ಕಾಣುವುದಿಲ್ಲ. ಡಾಕ್ಟರು ಮೂಳೆಗೆ ಎಕ್ಸ್‌ರೇ ತೆಗೆದ ಹಾಗೆ ಬೆಸುಗೆಗೂ ಫೋಟೋ ತೆಗೆಯಬೇಕು. ಇದಕ್ಕೆ ಇಂಡಸ್ಟ್ರಿಯಲ್ ರೇಡಿಯೋಗ್ರಫಿ ಅನ್ನುತ್ತಾರೆ. ಬಯಲಲ್ಲಿ, ಕರೆಂಟ್ ಇಲ್ಲದ ಜಾಗದಲ್ಲಿ ಎಕ್ಸ್‌ರೇ ಯಂತ್ರ ಹೊತ್ತು ತಿರುಗುವುದು ಕಷ್ಟ. ಅದಕ್ಕೇ ಹೆಚ್ಚಾಗಿ ಇರಿಡಿಯಂ-192 ಎಂಬ ವಿಕಿರಣ ಮೂಲವನ್ನು ಬಳಸುತ್ತಾರೆ. ಸೈಟಿನ ಹುಡುಗರು ಇದನ್ನು ‘ಸೋರ್ಸ್’ ಅನ್ನುತ್ತಾರೆ.

ಸೋರ್ಸ್ ಇರುವುದು ಕೆಲವೇ ಮಿಲಿಮೀಟರ್ ಗಾತ್ರದ ಉಕ್ಕಿನ ಗುಳಿಗೆಯೊಳಗೆ. ಗುಳಿಗೆಯನ್ನು ಒಂದು ಸಣ್ಣ ತಂತಿಯ ತುದಿಗೆ ಜೋಡಿಸಿರುತ್ತಾರೆ. ಒಟ್ಟು ನೋಡಿದರೆ ಬೈಕಿನ ಬ್ರೇಕ್ ಕೇಬಲ್ಲಿನ ತುಂಡಿನಂತೆ ಹೊಳೆಯುತ್ತದೆ. ಇದನ್ನು ಇಡುವ ಪೆಟ್ಟಿಗೆಗೆ ‘ಕ್ಯಾಮೆರಾ’ ಅಂತ ಹೆಸರು. ಗಾತ್ರ ಸಣ್ಣದು, ಆದರೆ ಒಳಗೆ ವಿಕಿರಣ ತಡೆಯುವ ಭಾರದ ಲೋಹ ಇರುವುದರಿಂದ ಇಪ್ಪತ್ತು ಕಿಲೋಗೂ ಹೆಚ್ಚು ತೂಗುತ್ತದೆ. ಫೋಟೋ ತೆಗೆಯುವಾಗ ದೂರದಲ್ಲಿ ನಿಂತು ಹಿಡಿಕೆ ತಿರುಗಿಸಿದರೆ ಸೋರ್ಸ್ ಪೆಟ್ಟಿಗೆಯಿಂದ ಹೊರಟು, ಕೊಳವೆಯೊಳಗೆ ಸಾಗಿ, ಬೆಸುಗೆಯ ಬಳಿ ನಿಲ್ಲುತ್ತದೆ. ಸಮಯ ಮುಗಿದ ಮೇಲೆ ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿ ಅದನ್ನು ಪೆಟ್ಟಿಗೆಗೆ ಎಳೆದುಕೊಳ್ಳುತ್ತಾರೆ. ಅಕ್ಕಪಕ್ಕ ಜನ ಇರಬಾರದು ಅಂತ ಈ ಕೆಲಸ ಸಾಮಾನ್ಯವಾಗಿ ರಾತ್ರಿ ನಡೆಯುತ್ತದೆ. ಸುತ್ತ ಹಗ್ಗ ಕಟ್ಟಿ, ಕೆಂಪು ದೀಪ ಹಾಕಿ, ಹಳದಿ ಹಿನ್ನೆಲೆಯಲ್ಲಿ ಫ್ಯಾನಿನ ಮೂರು ರೆಕ್ಕೆಯಂತಹ ಗುರುತಿನ ಬೋರ್ಡು ಇಡಬೇಕು.

ಅದರ ಶಕ್ತಿ ಎಷ್ಟು? ಸಾರ್ವಜನಿಕರಿಗೆ ಇಂತಹ ಕೆಲಸಗಳಿಂದ ಒಂದು ವರ್ಷಕ್ಕೆ ಬರಬಹುದಾದ ವಿಕಿರಣದ ಮಿತಿ 1 ಮಿಲಿಸೀವರ್ಟ್. ಎದೆಯ ಒಂದು ಎಕ್ಸ್‌ರೇಯಿಂದ ಬರುವುದು ಅದರ ಹತ್ತನೇ ಒಂದು ಪಾಲು ಅಥವಾ ಇನ್ನೂ ಕಡಿಮೆ. 50 ಕ್ಯೂರಿ ಶಕ್ತಿಯ ಇರಿಡಿಯಂ ಸೋರ್ಸ್ ಪೆಟ್ಟಿಗೆಯಿಂದ ಹೊರಗಿದ್ದಾಗ ಅದರಿಂದ ಒಂದು ಮೀಟರ್ ದೂರದಲ್ಲಿ ಅರ್ಧ ನಿಮಿಷ ನಿಂತರೆ ಆ ವರ್ಷದ ಮಿತಿ ಮುಗಿದುಹೋಗುತ್ತದೆ. ಹತ್ತು ಮೀಟರ್ ದೂರ ಹೋದರೆ ವಿಕಿರಣ ನೂರನೇ ಒಂದು ಪಾಲಿಗೆ ಇಳಿಯುತ್ತದೆ. ಕೈಯಲ್ಲಿ ಹಿಡಿದರೆ, ಕಿಸೆಯಲ್ಲಿಟ್ಟರೆ ಲೆಕ್ಕವೇ ಬೇರೆ. ಚರ್ಮ, ಮಾಂಸ ಒಳಗಿನಿಂದ ಸುಡಲು ಕೆಲವು ನಿಮಿಷ ಸಾಕು. ಆ ಕ್ಷಣ ಬಿಸಿಯೂ ತಾಗುವುದಿಲ್ಲ, ನೋವೂ ಆಗುವುದಿಲ್ಲ.

ನಮ್ಮ ಸುತ್ತಲೇ ಇದೆ

ಇದೆಲ್ಲ ದೂರದ ಮಾತು ಅಂತ ಅನ್ನಿಸಬಹುದು. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಹೋಗುವ ಪೆಟ್ರೋಲ್, ಡೀಸೆಲ್ ಪೈಪ್‌ಲೈನ್ 360 ಕಿಲೋಮೀಟರಿಗೂ ಉದ್ದ. 2003ರಿಂದ ಅದು ನಮ್ಮ ಜಿಲ್ಲೆಯ ನೆಲದಡಿಯಲ್ಲಿದೆ. ಪೈಪೊಂದು ಹೆಚ್ಚುಕಡಿಮೆ 12 ಮೀಟರ್ ಅಂತ ಇಟ್ಟುಕೊಂಡರೆ ಕಿಲೋಮೀಟರಿಗೆ ಎಂಬತ್ತಕ್ಕೂ ಹೆಚ್ಚು ಬೆಸುಗೆ. ಇಷ್ಟು ಉದ್ದದ ಲೈನಿಗೆ ಒಟ್ಟು ಸುಮಾರು ಮೂವತ್ತು ಸಾವಿರ. 2021ರ ಜನವರಿ 5ರಂದು ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಗ್ಯಾಸ್ ಪೈಪ್‌ಲೈನ್ 450 ಕಿಲೋಮೀಟರ್, ಕಾಸರಗೋಡಿನ ಮೂಲಕವೇ ಬಂದಿದೆ. ಎಣ್ಣೆ, ಗ್ಯಾಸ್ ಹರಿಯುವ ಪೈಪುಗಳ ಬೆಸುಗೆಯನ್ನು ಫೋಟೋ ತೆಗೆದೋ ಶಬ್ದತರಂಗ ಬಿಟ್ಟೋ ಪರೀಕ್ಷಿಸದೆ ಮಣ್ಣು ಮುಚ್ಚುವಂತಿಲ್ಲ. ಬೇಲೂರು, ಅರಸೀಕೆರೆ ತಾಲ್ಲೂಕುಗಳ ಮೂಲಕ ಸಾಗುವ ಎತ್ತಿನಹೊಳೆ ಯೋಜನೆಯಂತಹ ದೊಡ್ಡ ನೀರಿನ ಕಾಮಗಾರಿಗಳಲ್ಲೂ ಉಕ್ಕಿನ ಕೊಳವೆಗಳಿಗೆ ಇಂತಹ ತಪಾಸಣೆ ಬೇಕಾಗುತ್ತದೆ. ಜೊತೆಗೆ ಬಾಯ್ಲರ್, ಟ್ಯಾಂಕ್, ಸೇತುವೆ, ವಿದ್ಯುತ್ ಸ್ಥಾವರಗಳ ಕೆಲಸವೂ ಇದೆ.

ಹಾಗಂತ ಹೆದರಬೇಕಾಗಿಲ್ಲ. ಕ್ರಮ ತಪ್ಪದೆ ಮಾಡಿದರೆ ಇದು ಸುರಕ್ಷಿತ ಕೆಲಸ. ದಿನವೂ ಸಾವಿರಾರು ಫೋಟೋ ಯಾವ ತೊಂದರೆಯೂ ಇಲ್ಲದೆ ತೆಗೆಯುತ್ತಾರೆ. ತೊಂದರೆ ಬರುವುದು ಸೋರ್ಸ್ ಪೆಟ್ಟಿಗೆಗೆ ಹಿಂದಿರುಗದೆ ಹೊರಗೇ ಉಳಿದಾಗ, ಅದು ಯಾರ ಗಮನಕ್ಕೂ ಬಾರದಿದ್ದಾಗ ಅಥವಾ ಗೊತ್ತಾದರೂ ಯಾರೂ ಬಾಯಿ ಬಿಡದಿದ್ದಾಗ.

ಮೂರು ಮನೆಗಳ ಕತೆ

ಮೊದಲನೆಯದು ಮೊರಾಕ್ಕೋ ದೇಶದ ಮೊಹಮ್ಮದಿಯಾ ಊರಿನದ್ದು. ವರ್ಷ 1984. ಅಲ್ಲಿ ವಿದ್ಯುತ್ ಸ್ಥಾವರವೊಂದು ಕಟ್ಟುತ್ತಿದ್ದರು. ಬೆಸುಗೆ ತಪಾಸಣೆಯ ಇರಿಡಿಯಂ ಸೋರ್ಸ್ ಕೇಬಲ್ಲಿನಿಂದ ಕಳಚಿ ನೆಲಕ್ಕೆ ಬಿತ್ತು. ದಾರಿಯಲ್ಲಿ ಹೋಗುತ್ತಿದ್ದ ಕೂಲಿಯಾಳು ಒಬ್ಬರು ಹೊಳೆಯುವ ತುಂಡು ಅಂತ ಎತ್ತಿಕೊಂಡು ಮನೆಗೆ ಒಯ್ದು ಮಲಗುವ ಕೋಣೆಯಲ್ಲಿಟ್ಟರು. ಅದರ ಮೇಲೆ ಅಪಾಯದ ಗುರುತು ಏನೂ ಇರಲಿಲ್ಲ. ಕೆಲವು ವಾರಗಳಲ್ಲಿ ಅವರು ತೀರಿಕೊಂಡರು. ಆಮೇಲೆ ಮನೆಯ ಒಬ್ಬೊಬ್ಬರೇ. ಡಾಕ್ಟರುಗಳು ಶ್ವಾಸಕೋಶದ ರಕ್ತಸ್ರಾವ ಅಂದುಕೊಂಡರು. ಮನೆಯವರು, ನೆಂಟರು ಸೇರಿ ಎಂಟು ಜನ ಹೋದ ಮೇಲೆ ಇದು ವಿಕಿರಣದ್ದಿರಬಹುದು ಅಂತ ಯಾರಿಗೋ ಹೊಳೆಯಿತು. ಅಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು.

ಎರಡನೆಯದು ಈಜಿಪ್ಟಿನ ಮೀತ್ ಹಲ್ಫಾ ಎಂಬ ಹಳ್ಳಿಯದ್ದು. ವರ್ಷ 2000, ಮೇ ತಿಂಗಳು. ಹಳ್ಳಿಯ ಪಕ್ಕ ಪೈಪ್‌ಲೈನ್ ಬೆಸುಗೆಯ ತಪಾಸಣೆ ನಡೆದಿತ್ತು. ಅಲ್ಲಿ ಬಿಟ್ಟುಹೋದ ಸೋರ್ಸ್ ಒಬ್ಬ ರೈತರಿಗೆ ಸಿಕ್ಕಿತು. ಬೆಲೆಬಾಳುವ ಲೋಹ ಅಂದುಕೊಂಡು ಮನೆಗೆ ತಂದರು. ಮನೆಯವರೆಲ್ಲ ಕೈಯಲ್ಲಿ ಹಿಡಿದು ನೋಡಿದರು. ಸ್ವಲ್ಪ ದಿನದಲ್ಲೇ ಮೈಮೇಲೆ ಸುಟ್ಟಂತಹ ಗಾಯಗಳು ಎದ್ದವು, ಏನು ಕಾಯಿಲೆ ಅಂತ ಮೊದಲಿಗೆ ಯಾರಿಗೂ ತಿಳಿಯಲಿಲ್ಲ. ಜೂನ್ ಮೊದಲ ವಾರ ಒಂಬತ್ತು ವರ್ಷದ ಕಿರಿಯ ಮಗ ತೀರಿಕೊಂಡ, ಅದೇ ತಿಂಗಳಲ್ಲಿ ತಂದೆ. ಮನೆಯ ಉಳಿದವರೂ ಆಸ್ಪತ್ರೆ ಸೇರಬೇಕಾಯಿತು. ಜೂನ್ ಕೊನೆಯ ಹೊತ್ತಿಗೆ ಅಧಿಕಾರಿಗಳು ಆ ಮನೆಯಿಂದ ಸೋರ್ಸನ್ನು ಹೊರತೆಗೆದರು.

ಮೂರನೆಯದು ದಕ್ಷಿಣ ಅಮೆರಿಕದ ಪೆರು ದೇಶದ್ದು. ಯಾನಾಂಗೊ ಎಂಬಲ್ಲಿ ಜಲವಿದ್ಯುತ್ ಸ್ಥಾವರದ ಕೆಲಸ. 1999ರ ಫೆಬ್ರವರಿ 20. ಬಿದ್ದಿದ್ದ ಸೋರ್ಸನ್ನು ವೆಲ್ಡರ್ ಒಬ್ಬರು ಎತ್ತಿ ಪ್ಯಾಂಟಿನ ಹಿಂದಿನ ಕಿಸೆಗೆ ಹಾಕಿಕೊಂಡರು. ಕೆಲವು ಗಂಟೆ ಹಾಗೇ ಕೆಲಸ ಮಾಡಿದರು, ಮಿನಿಬಸ್ ಹತ್ತಿ ಮನೆಗೆ ಹೋದರು. ತೊಡೆಯಲ್ಲಿ ನೋವು ಶುರುವಾಯಿತು. ತೋರಿಸಿದಾಗ ‘ಹುಳ ಕಚ್ಚಿರಬೇಕು, ಬಿಸಿ ಶಾಖ ಕೊಡಿ’ ಅನ್ನುವ ಸಲಹೆ ಸಿಕ್ಕಿತು. ಕಳಚಿಟ್ಟ ಪ್ಯಾಂಟಿನ ಮೇಲೆಯೇ ಹೆಂಡತಿ ಕುಳಿತು ಮಗುವಿಗೆ ಹಾಲು ಕುಡಿಸಿದರು. ಆದರೆ ಅತ್ತ ಸೈಟಿನಲ್ಲಿ ರೇಡಿಯೋಗ್ರಾಫರ್ ಆ ರಾತ್ರಿ ತೆಗೆದ ಫಿಲ್ಮುಗಳನ್ನು ತೊಳೆದು ನೋಡಿದರೆ ಒಂದರಲ್ಲೂ ಚಿತ್ರ ಮೂಡಿರಲಿಲ್ಲ. ಸೋರ್ಸ್ ಪೆಟ್ಟಿಗೆಯಲ್ಲಿಲ್ಲ ಅಂತ ಅವರಿಗೆ ಹೊಳೆಯಿತು. ಸುಮ್ಮನಿರಲಿಲ್ಲ. ಎಲ್ಲರನ್ನೂ ಎಬ್ಬಿಸಿ ಹುಡುಕಿದರು, ನಡುರಾತ್ರಿ ದಾಟಿದ ಮೇಲೆ ವೆಲ್ಡರ್ ಮನೆ ಬಾಗಿಲು ಬಡಿದರು. ಸೋರ್ಸ್ ಅದೇ ರಾತ್ರಿ ಮನೆಯಿಂದ ಹೊರಗೆ ಬಂತು. ವೆಲ್ಡರ್ ಒಂದು ಕಾಲನ್ನೇ ಕಳೆದುಕೊಂಡರು. ಆದರೆ ಜೀವ ಉಳಿಯಿತು, ಹೆಂಡತಿ ಮಕ್ಕಳೂ ಉಳಿದರು.

ಮೂರೂ ಕಡೆ ಅದೇ ಇರಿಡಿಯಂ, ಅದೇ ತಪ್ಪು. ಎತ್ತಿಕೊಂಡವರಿಗೆ ಅದೇನೆಂದೇ ಗೊತ್ತಿರಲಿಲ್ಲ. ಮೊಹಮ್ಮದಿಯಾದಲ್ಲಿ ತಿಂಗಳುಗಳು ಹಿಡಿದವು, ಎಂಟು ಸಾವು. ಮೀತ್ ಹಲ್ಫಾದಲ್ಲಿ ಏಳು ವಾರ, ಎರಡು ಸಾವು. ಯಾನಾಂಗೊದಲ್ಲಿ ಒಂದೇ ರಾತ್ರಿ, ಸಾವಿಲ್ಲ. ‘ಸೋರ್ಸ್ ಕಾಣ್ತಿಲ್ಲ’ ಅನ್ನುವ ಮಾತು ಎಷ್ಟು ಬೇಗ ಹೊರಗೆ ಬಂತೋ ಅಷ್ಟು ಜೀವ ಉಳಿಯಿತು.

ನಮ್ಮ ದೇಶದಲ್ಲಿ ಆಗಿಲ್ಲವೇ?

ಆಗಿದೆ. 1982ರಲ್ಲಿ ಮುಂಬೈಯ ವಿಕ್ರೋಲಿಯಲ್ಲಿ ಸಾಗಣೆಯ ವೇಳೆ ಇರಿಡಿಯಂ ಸೋರ್ಸ್ ಕಳೆದುಹೋಯಿತು. ಅದು ಸಿಕ್ಕಿದ್ದು ರೈಲ್ವೆ ಕಾರ್ಮಿಕರೊಬ್ಬರಿಗೆ. ಸೊಂಟದ ಕೆಳಗೆ ತೀವ್ರ ಗಾಯವಾಗಿ ಅವರು ನರಳಿದರು. ಅರಸೀಕೆರೆಯಂತಹ ಜಂಕ್ಷನ್‌ ಊರಿನಲ್ಲಿ ಇರುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. 1983ರಲ್ಲಿ ಮುಲುಂಡ್, 1985ರಲ್ಲಿ ಹರಿಯಾಣದ ಯಮುನಾನಗರ ಮತ್ತು ವಿಶಾಖಪಟ್ಟಣ, 1989ರಲ್ಲಿ ಗುಜರಾತಿನ ಹಜೀರಾ. ಈ ನಾಲ್ಕೂ ಕಡೆ ರೇಡಿಯೋಗ್ರಫಿ ಕೆಲಸದವರ ಬೆರಳುಗಳನ್ನು ಕತ್ತರಿಸಬೇಕಾಯಿತು. ಕಾರಣ ಹೊಸತೇನಲ್ಲ. ಉಪಕರಣ ಸರಿಯಾಗಿ ನೋಡಿಕೊಂಡಿರಲಿಲ್ಲ, ಅಥವಾ ಅವಸರದಲ್ಲಿ ಕ್ರಮ ಬಿಟ್ಟರು. ಯಮುನಾನಗರದಲ್ಲಿ ಕೆಲಸದ ನಡುವೆ ಕರೆಂಟ್ ಹೋದದ್ದೂ ಸೇರಿಕೊಂಡಿತ್ತು.

ಗುಜರಿ ವ್ಯಾಪಾರದವರು ಮರೆಯಬಾರದ ಇನ್ನೊಂದು ಘಟನೆ 2010ರ ಏಪ್ರಿಲ್‌ನಲ್ಲಿ ದಿಲ್ಲಿಯ ಮಾಯಾಪುರಿಯಲ್ಲಿ ನಡೆಯಿತು. ಅದು ಬೆಸುಗೆ ತಪಾಸಣೆಯ ಸೋರ್ಸ್ ಅಲ್ಲ. ದಿಲ್ಲಿ ವಿಶ್ವವಿದ್ಯಾಲಯ ಹರಾಜು ಹಾಕಿದ ಹಳೆಯ ಯಂತ್ರದೊಳಗಿನ ಕೋಬಾಲ್ಟ್-60. ಗುಜರಿ ಅಂಗಡಿಯಲ್ಲಿ ಅದನ್ನು ಬಿಚ್ಚಿದರು, ತುಂಡುಗಳು ಅಂಗಡಿಯಿಂದ ಅಂಗಡಿಗೆ ಹೋದವು. ಒಬ್ಬರ ಪರ್ಸಿನಲ್ಲೂ ಒಂದು ತುಂಡು ಸಿಕ್ಕಿತು. ಒಬ್ಬ ಕೆಲಸಗಾರ ತೀರಿಕೊಂಡರು, ಹಲವರು ಆಸ್ಪತ್ರೆ ಸೇರಿದರು.

ಬಾಯಿ ಬಿಡುವುದಿಲ್ಲ ಯಾಕೆ?

ಬೇಲೂರಿನ ಹುಡುಗ ಹೇಳಿದ್ದರಲ್ಲೇ ಉತ್ತರ ಇದೆ. ಕೆಲಸ ಗುತ್ತಿಗೆಯದ್ದು. ರಾತ್ರಿಗೆ ಎಷ್ಟು ಜಾಯಿಂಟ್ ಮುಗಿಸಿದರು ಅನ್ನುವುದೇ ಲೆಕ್ಕ. ಸೋರ್ಸ್ ಸಿಕ್ಕಿಹಾಕಿಕೊಂಡರೆ ‘ಹೆಡ್ ಆಫೀಸಿಗೆ ಹೇಳಿದ್ರೆ ಸೈಟೇ ನಿಲ್ಲುತ್ತೆ’ ಅನ್ನುವ ಭಯ. ಹೆಲ್ಪರಿಗೆ ಕೆಲಸ ಹೋಗುವ ಭಯ, ಗಲ್ಫಿನಲ್ಲಿದ್ದರೆ ವೀಸಾ ಹೋಗುವ ಭಯ. ಹಾಗಾಗಿ ಕೈಯಲ್ಲೇ ಎಳೆದು ಸರಿಮಾಡಿಬಿಡೋಣ ಅನ್ನುವವರು ಇದ್ದಾರೆ. ಬೆರಳು ಹೋಗುವುದು ಇಂತಹ ಹೊತ್ತಿನಲ್ಲೇ.

ಬ್ಯಾಡ್ಜಿನ ವಿಚಾರದಲ್ಲೂ ತಪ್ಪು ತಿಳುವಳಿಕೆ ಇದೆ. ಟಿಎಲ್‌ಡಿ ಬ್ಯಾಡ್ಜ್ ಅಂದರೆ ಎಷ್ಟು ವಿಕಿರಣ ತಾಗಿತು ಅಂತ ನೆನಪಿಟ್ಟುಕೊಳ್ಳುವ ಕಾರ್ಡು. ನಮ್ಮ ದೇಶದಲ್ಲಿ ಮೂರು ತಿಂಗಳಿಗೊಮ್ಮೆ ಅದನ್ನು ಲ್ಯಾಬಿಗೆ ಕಳಿಸಿ ಓದಿಸುತ್ತಾರೆ. ಕೆಲಸಗಾರರಿಗೆ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷ 30 ಮೀರಬಾರದು ಅನ್ನುವುದು ಇಲ್ಲಿನ ಮಿತಿ. ರೀಡಿಂಗ್ ಹೆಚ್ಚು ಬಂದರೆ ಯಾಕೆ ಬಂತು ಅಂತ ವಿಚಾರಣೆ ನಡೆಯುತ್ತದೆ, ಅಗತ್ಯ ಬಿದ್ದರೆ ರಕ್ತದ ವಿಶೇಷ ಪರೀಕ್ಷೆ ಮಾಡಿಸುತ್ತಾರೆ, ಆ ಕೆಲಸಗಾರನನ್ನು ಸ್ವಲ್ಪ ಕಾಲ ವಿಕಿರಣ ಇಲ್ಲದ ಕೆಲಸಕ್ಕೆ ಹಾಕಬೇಕಾಗುತ್ತದೆ. ಅದು ಶಿಕ್ಷೆಯಲ್ಲ, ಅವನನ್ನು ಕಾಪಾಡುವ ಕ್ರಮ.

ಬ್ಯಾಡ್ಜ್ ರೂಮಿನಲ್ಲಿಟ್ಟು ಹೋದರೆ ವಿಕಿರಣವೇನೂ ಕಡಿಮೆ ಆಗುವುದಿಲ್ಲ. ಲೆಕ್ಕ ಮಾತ್ರ ಕಾಣೆಯಾಗುತ್ತದೆ. ನಾಳೆ ಕೈ ಸುಟ್ಟಿತು, ರಕ್ತದಲ್ಲಿ ತೊಂದರೆ ಬಂತು ಅಂತಾದರೆ ‘ನಿನ್ನ ರೆಕಾರ್ಡಿನಲ್ಲಿ ಏನೂ ಇಲ್ಲವಲ್ಲ’ ಅನ್ನಬಹುದು. ವಿಕಿರಣದಿಂದ ಬರುವ ಕಾಯಿಲೆಗಳು ನಮ್ಮ ಕಾರ್ಮಿಕ ಪರಿಹಾರ ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿವೆ. ಪರಿಹಾರ ಕೇಳುವ ದಿನ ಆ ಸಣ್ಣ ಬಿಲ್ಲೆಯೇ ಕೆಲಸಗಾರನ ಸಾಕ್ಷಿ.

ಯಾರಿಗೆ, ಯಾವಾಗ ಹೇಳಬೇಕು?

ಭಾರತದಲ್ಲಿ ಇದರ ಮೇಲ್ವಿಚಾರಣೆ 1983ರಲ್ಲಿ ಶುರುವಾದ ಅಣುಶಕ್ತಿ ನಿಯಂತ್ರಣ ಮಂಡಳಿಯದ್ದು. ಎಇಆರ್‌ಬಿ ಅನ್ನುತ್ತಾರೆ. ಕೇಂದ್ರ ಕಚೇರಿ ಮುಂಬೈಯಲ್ಲಿ, ದಕ್ಷಿಣದ ಪ್ರಾದೇಶಿಕ ಕೇಂದ್ರ ಚೆನ್ನೈನಲ್ಲಿ ಇದೆ. ಅದರ ಪರವಾನಗಿ ಇಲ್ಲದೆ ಯಾವ ಕಂಪೆನಿಯೂ ಸೋರ್ಸ್ ಇಟ್ಟುಕೊಳ್ಳುವಂತಿಲ್ಲ. ಪ್ರತಿ ಕಂಪೆನಿಯಲ್ಲೂ ವಿಕಿರಣ ಸುರಕ್ಷತಾ ಅಧಿಕಾರಿ ಇರಲೇಬೇಕು. ಹುಡುಗರು ಇವರನ್ನು ‘ಆರ್‌ಎಸ್‌ಒ’ ಅನ್ನುತ್ತಾರೆ. ತರಬೇತಿ ಪಡೆದು ಪ್ರಮಾಣಪತ್ರ ಇರುವ ರೇಡಿಯೋಗ್ರಾಫರ್ ಇಲ್ಲದೆ ಕ್ಯಾಮೆರಾ ತೆರೆಯುವಂತಿಲ್ಲ. 18 ವರ್ಷದ ಒಳಗಿನವರನ್ನು ಈ ಕೆಲಸಕ್ಕೆ ಸೇರಿಸುವಂತಿಲ್ಲ.

2004ರ ವಿಕಿರಣ ಸುರಕ್ಷತಾ ನಿಯಮಗಳ ಪ್ರಕಾರ ಅಪಘಾತವಾದರೆ ಅಥವಾ ಸೋರ್ಸ್ ಕಳೆದುಹೋದರೆ ಕಂಪೆನಿ 24 ಗಂಟೆಯೊಳಗೆ ಮೇಲಿನವರಿಗೆ ತಿಳಿಸಬೇಕು. ಕಂಡದ್ದನ್ನು ಕಂಪೆನಿಗೂ ಸುರಕ್ಷತಾ ಅಧಿಕಾರಿಗೂ ಹೇಳುವುದು ಕೆಲಸಗಾರನ ಕರ್ತವ್ಯ ಅಂತಲೂ ನಿಯಮ ಹೇಳುತ್ತದೆ. ಹಾಗಾಗಿ ಹೇಳಿದವನು ಚಾಡಿಕೋರನಲ್ಲ, ಕಾನೂನು ಪಾಲಿಸಿದವನು. ಗಲ್ಫಿನಲ್ಲೂ ಹೀಗೆಯೇ ನಿಯಂತ್ರಣ ಸಂಸ್ಥೆಗಳಿವೆ. ಸೌದಿಯಲ್ಲಿ ಎನ್‌ಆರ್‌ಆರ್‌ಸಿ, ಯುಎಇಯಲ್ಲಿ ಎಫ್‌ಎಎನ್‌ಆರ್. ಹೋಗುವ ಮೊದಲೇ ಈ ಹೆಸರುಗಳನ್ನು ಹುಡುಗರ ಫೋನಿನಲ್ಲಿ ಬರೆಸಿಡಿ.

ಬೇಗ ಹೇಳಿದರೆ ಏನಾಗುತ್ತದೆ ಅನ್ನುವುದಕ್ಕೆ ಆಸ್ಟ್ರೇಲಿಯಾದ ಈಚಿನ ಉದಾಹರಣೆ ಇದೆ. 2023ರ ಜನವರಿಯಲ್ಲಿ ಅಲ್ಲಿ ಗಣಿಯ ಅಳತೆ ಉಪಕರಣವೊಂದರಿಂದ ವಿಕಿರಣದ ಗುಳಿಗೆ ಲಾರಿಯಿಂದ ಬಿದ್ದುಹೋಯಿತು. 8 ಮಿಲಿಮೀಟರ್ ಎತ್ತರ, 6 ಮಿಲಿಮೀಟರ್ ಅಗಲ. ದಾರಿ 1400 ಕಿಲೋಮೀಟರ್! ಉಪಕರಣದ ಪೆಟ್ಟಿಗೆ ತೆರೆದು ನೋಡಿದ್ದೇ ತಡವಾಗಿ. ಆದರೆ ಕಳೆದದ್ದು ಗೊತ್ತಾದ ಎರಡೇ ದಿನಕ್ಕೆ ಸರಕಾರ ಅದರ ಚಿತ್ರ ಹಾಕಿ ಜನರಿಗೆಲ್ಲ ಹೇಳಿತು. ಫೆಬ್ರವರಿ 1ರಂದು ರಸ್ತೆ ಬದಿಯಲ್ಲಿ ಸಿಕ್ಕಿತು. ಅಂಥದೊಂದು ಚೂರು ನೆಲದಲ್ಲಿ ಕಂಡರೂ ಎತ್ತಬಾರದು ಅಂತ ಅಷ್ಟು ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು.

ಗುಜರಿ ಅಂಗಡಿಯವರಿಗೆ ಎರಡು ಮಾತು

ಗಾತ್ರ ಸಣ್ಣದಿದ್ದು ತೂಕ ಮಿತಿಮೀರಿ ಇರುವ ಪೆಟ್ಟಿಗೆ, ಮೂರು ರೆಕ್ಕೆಯ ಗುರುತು ಇರುವ ಯಾವುದೇ ಡಬ್ಬಿ, ತುದಿಯಲ್ಲಿ ಗುಳಿಗೆ ಇರುವ ಹೊಳೆಯುವ ಕೇಬಲ್ ತುಂಡು ಬಂದರೆ ಬಿಚ್ಚಬೇಡಿ, ಕತ್ತರಿಸಬೇಡಿ, ಸುತ್ತಿಗೆ ಹಾಕಬೇಡಿ. ‘ಸೀಸ ಇರಬಹುದು, ಒಳ್ಳೆ ರೇಟು ಸಿಗುತ್ತೆ’ ಅನ್ನುವ ಆಸೆ ಬೇಡ. ಈಚಿನ ವರ್ಷಗಳಲ್ಲಿ ಬಂದ ಕೆಂಪು ಬಣ್ಣದ ಇನ್ನೊಂದು ಗುರುತೂ ಇದೆ. ಅದರಲ್ಲಿ ತಲೆಬುರುಡೆ ಮತ್ತು ಓಡುತ್ತಿರುವ ಮನುಷ್ಯನ ಚಿತ್ರ ಇರುತ್ತದೆ. ಅದು ಕಂಡರೆ ಚಿತ್ರದಲ್ಲಿರುವಂತೆಯೇ ಮಾಡಿ. ಕನಿಷ್ಠ 30 ಮೀಟರ್ ದೂರ ಹೋಗಿ, ಬೇರೆಯವರನ್ನೂ ಹೋಗಗೊಡಬೇಡಿ, 112ಕ್ಕೆ ಫೋನ್ ಮಾಡಿ ‘ವಿಕಿರಣದ ವಸ್ತು ಇರಬಹುದು’ ಅಂತ ಸ್ಪಷ್ಟವಾಗಿ ಹೇಳಿ. ಮುಂದಿನದನ್ನು ಪೊಲೀಸರು, ಜಿಲ್ಲಾಡಳಿತ, ಪರಮಾಣು ಇಲಾಖೆಯ ತುರ್ತು ತಂಡ ನೋಡಿಕೊಳ್ಳುತ್ತದೆ.

ಇರಿಡಿಯಂನ ಶಕ್ತಿ 74 ದಿನಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ‘ಹಳೇದು, ಪವರ್ ಹೋಗಿದೆ’ ಅಂತ ಯಾರಾದರೂ ಹೇಳಬಹುದು. ಒಂದು ವರ್ಷದ ನಂತರವೂ ನೂರಕ್ಕೆ ಮೂರು ಪಾಲು ಉಳಿದಿರುತ್ತದೆ. ದೊಡ್ಡ ಸೋರ್ಸಿನ ಮೂರು ಪಾಲು ಅಂದರೆ ಕಿಸೆಯಲ್ಲಿಟ್ಟುಕೊಳ್ಳುವವನಿಗೆ ಅದೂ ಹೆಚ್ಚೇ.

ಮನೆಯವರು ಏನು ನೋಡಬೇಕು?

ಸೈಟಿನಿಂದ ಬಂದ ಹುಡುಗನ ಬೆರಳ ತುದಿ, ಅಂಗೈ, ತೊಡೆ ಕಾರಣವಿಲ್ಲದೆ ಕೆಂಪಾಗಿದ್ದರೆ, ದಿನ ಕಳೆದಂತೆ ಬೊಬ್ಬೆ ಎದ್ದರೆ, ಕೆಲಸದ ರಾತ್ರಿ ವಾಂತಿ ಆಗಿದ್ದರೆ, ಎರಡು ಮೂರು ವಾರದಲ್ಲಿ ಕೂದಲು ಉದುರಿದರೆ ಮುಲಾಮು ಹಚ್ಚಿ ಸುಮ್ಮನಾಗಬೇಡಿ. ವಿಕಿರಣದ ಸುಟ್ಟ ಗಾಯ ಆ ದಿನವೇ ಕಾಣುವುದಿಲ್ಲ. ದಿನಗಳ ನಂತರ, ಕೆಲವೊಮ್ಮೆ ವಾರಗಳ ನಂತರ ಕಾಣುತ್ತದೆ. ಡಾಕ್ಟರ ಮುಂದೆ ಕುಳಿತಾಗ ‘ನನ್ನ ಮಗ ರೇಡಿಯೋಗ್ರಫಿ ಕೆಲಸ ಮಾಡ್ತಾನೆ’ ಅನ್ನುವ ಒಂದು ಮಾತು ಹೇಳಿ. ಮೊಹಮ್ಮದಿಯಾದ ಡಾಕ್ಟರುಗಳಿಗೆ ಆ ಸುಳಿವು ಸಿಕ್ಕಿದ್ದರೆ ಹಲವರು ಉಳಿಯುತ್ತಿದ್ದರೇನೋ.

ಇನ್ನೊಂದು ವಿಷಯ. ಇದು ಅಂಟುಜಾಡ್ಯವಲ್ಲ. ಇರಿಡಿಯಂ ಮುಚ್ಚಿದ ಗುಳಿಗೆಯೊಳಗಿರುತ್ತದೆ. ಅದರ ವಿಕಿರಣ ತಾಗಿದವನ ಮೈಯಿಂದ ಬೇರೆಯವರಿಗೆ ವಿಕಿರಣ ಬರುವುದಿಲ್ಲ. ಅವನ ಬಟ್ಟೆ, ಪಾತ್ರೆ ಬೇರೆ ಇಡುವುದು, ಮಕ್ಕಳನ್ನು ದೂರ ಮಾಡುವುದು ಯಾವುದೂ ಬೇಡ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿಕೊಂಡು ಬಂದವರ ಪಕ್ಕ ನಾವು ಕೂರುವುದಿಲ್ಲವೇ? ಹಾಗೇ ಇದು. ಕಿಸೆಯಲ್ಲಿ ಆ ಗುಳಿಗೆ ಇಲ್ಲದಿದ್ದರೆ ಆಯಿತು.

ಕೆಲಸಕ್ಕೆ ಸೇರುವ ಮೊದಲು ಮಕ್ಕಳಿಂದ ನಾಲ್ಕು ಪ್ರಶ್ನೆ ಕೇಳಿಸಿ. ಕಂಪೆನಿಗೆ ಎಇಆರ್‌ಬಿ ಪರವಾನಗಿ ಇದೆಯಾ? ಆರ್‌ಎಸ್‌ಒ ಯಾರು, ಅವರ ಫೋನ್ ನಂಬರ್ ಏನು? ನನ್ನ ಹೆಸರಿನ ಬ್ಯಾಡ್ಜ್ ಕೊಡ್ತೀರಾ, ಹಿಂದಿನ ರೀಡಿಂಗ್ ತೋರಿಸ್ತೀರಾ? ಸೈಟಿನಲ್ಲಿ ಸರ್ವೆ ಮೀಟರ್ ಇದೆಯಾ, ಅದು ಕೆಲಸ ಮಾಡುತ್ತಾ? ಸೋರ್ಸ್ ಪೆಟ್ಟಿಗೆಗೆ ಬಂತಾ ಇಲ್ಲವಾ ಅಂತ ಹಿಡಿಕೆಯ ಸುತ್ತು ಎಣಿಸಿ ನಂಬಬಾರದು. ಪ್ರತಿ ಫೋಟೋದ ನಂತರ ಮೀಟರ್ ಕೈಯಲ್ಲಿ ಹಿಡಿದೇ ಹತ್ತಿರ ಹೋಗಬೇಕು. ನಾನು ಓದಿದ ಘಟನೆಗಳಲ್ಲಿ ಮತ್ತೆ ಮತ್ತೆ ಎದುರಾದದ್ದು ಈ ಒಂದು ತಪ್ಪು. ಮೀಟರ್ ಇರಲಿಲ್ಲ, ಅಥವಾ ಇದ್ದೂ ನೋಡಲಿಲ್ಲ.

ಬೇಲೂರಿನಿಂದ ಹೊರಡುವ ಮುಂಚೆ ಮೀತ್ ಹಲ್ಫಾದ ಆ ಒಂಬತ್ತು ವರ್ಷದ ಹುಡುಗನ ಕತೆಯನ್ನು ತಂಗಿಗೆ ಹೇಳಿದೆ. ಅವಳಿಗೂ ಅಷ್ಟೇ ವಯಸ್ಸಿನ ಇನ್ನೊಬ್ಬ ಮಗ ಇದ್ದಾನೆ. ಏನೂ ಮಾತಾಡಲಿಲ್ಲ. ಎದ್ದು ಹೋಗಿ ಮೊಳೆಯಿಂದ ಬ್ಯಾಡ್ಜ್ ತೆಗೆದು ದೊಡ್ಡವನ ಬ್ಯಾಗಿಗೆ ಹಾಕಿದಳು. ‘‘ಮೋನೇ, ಇದು ಇನ್ನು ಮನೆಗೂ ಬರಬಾರದು, ರೂಮಲ್ಲೂ ಇರಬಾರದು. ಸಂಬಳ ಕಮ್ಮಿ ಬಂದ್ರೆ ಕಮ್ಮಿ ಉಣ್ಣೋಣ’’ ಅಂದಳು.

ಹುಡುಗ ಸೈಟಿಗೆ ಮರಳಿದ ವಾರ ನನಗೆ ಫೋನ್ ಮಾಡಿದ್ದ. ಬ್ಯಾಡ್ಜ್ ಹಾಕಿಕೊಂಡದ್ದಕ್ಕೆ ಸೀನಿಯರ್‌ಗಳು ನಕ್ಕರಂತೆ. ಬ್ಯಾಡ್ಜ್ ಮೂರು ತಿಂಗಳು ಮನೆಯಲ್ಲಿ, ರೂಮಿನಲ್ಲಿ ಇದ್ದದ್ದನ್ನು ಆರ್‌ಎಸ್‌ಒಗೆ ಅವನೇ ಹೇಳಿದನಂತೆ. ‘‘ಬೈದ್ರಾ?’’ ಅಂತ ಕೇಳಿದೆ. ‘‘ಬೈದ್ರು ಮಾಮ. ಆಮೇಲೆ ಎಲ್ಲರ ಬ್ಯಾಡ್ಜ್ ತರಿಸಿ ನೋಡಿದ್ರು.’’